ಒನಕೆ ನಾಳೆಯೂ ನಿಲ್ಲುತ್ತದೆಯೇ?

ಸಂಜೆ ಹೊತ್ತು ಕ್ಲಿನಿಕ್ಕಿಗೆ ಬರುವ ಮಕ್ಕಳಲ್ಲಿ ಎರಡು ಬಗೆ. ಒಂದು ಬಗೆಯ ಮಗು ಒಳಗೆ ಕಾಲಿಟ್ಟ ಕೂಡಲೇ ಬಿ.ಪಿ. ಉಪಕರಣದ ರಬ್ಬರ್ ಬುರುಡೆಯನ್ನು ಒತ್ತಿ ನೋಡುತ್ತದೆ, ಸ್ಟೆತಾಸ್ಕೋಪಿನಲ್ಲಿ ಏನು ಕೇಳಿಸುತ್ತದೆ ಎಂದು ವಿಚಾರಿಸುತ್ತದೆ. ಇನ್ನೊಂದು ಬಗೆಯ ಮಗು ತಲೆ ತಗ್ಗಿಸಿ ಕುಳಿತಿರುತ್ತದೆ. "ಹೊಟ್ಟೆಯಲ್ಲಿ ಎಲ್ಲಿ ನೋವು ಮರಿ?" ಎಂದು ಅದನ್ನು ಕೇಳಿದರೆ ಪಕ್ಕದಲ್ಲಿರುವ ತಂದೆ "ಹೊಕ್ಕುಳ ಸುತ್ತ ಡಾಕ್ಟ್ರೇ" ಎನ್ನುತ್ತಾರೆ. ಹೊಟ್ಟೆ ಮಗುವಿನದು, ನೋವೂ ಮಗುವಿನದೇ. ಉತ್ತರ ಮಾತ್ರ ತಂದೆಯದು.

ಹೀಗೆ ಉತ್ತರಿಸುವ ತಂದೆಯರೆಲ್ಲ ಹಳೆಯ ಕಾಲದ ದರ್ಪದವರು ಎಂದು ತಿಳಿಯಬೇಡಿ. ಜಯನಗರ, ಜೆ.ಪಿ. ನಗರದ ಕಡೆಯ ಓದಿದ ಮನೆಗಳಲ್ಲಿ "ನಾವು ಯಾವುದನ್ನೂ ಸುಮ್ಮನೆ ನಂಬೋದಿಲ್ಲ ಡಾಕ್ಟ್ರೇ, ಮಕ್ಕಳನ್ನೂ ಹಾಗೇ ಬೆಳೆಸ್ತಿದೀವಿ" ಎಂದು ಹೆಮ್ಮೆಯಿಂದ ಹೇಳುವ ತಂದೆಯರು ಬೇಕಾದಷ್ಟು ಜನ ಇದ್ದಾರೆ. ನಾನೂ ಅವರಲ್ಲಿ ಒಬ್ಬ. ರಾಹುಕಾಲ ನೋಡದವನು, ಬೆಕ್ಕು ಅಡ್ಡ ಬಂದರೆ ನಿಲ್ಲದವನು. ಆದರೆ ಎಲ್ಲವನ್ನೂ ಸಂಶಯದಿಂದ ನೋಡುವ ತಂದೆ ತನ್ನ ಮಗುವಿಗೆ ಕೊಡುವುದು ಏನನ್ನು? ಪ್ರಶ್ನೆ ಕೇಳುವ ಅಭ್ಯಾಸವನ್ನೋ ಅಥವಾ ತನ್ನ ಸಿದ್ಧ ಉತ್ತರಗಳನ್ನೋ? ಇವೆರಡರ ನಡುವೆ ಬಹಳ ಅಂತರವಿದೆ. ಆ ಅಂತರ ಮಗುವಿನ ಆರೋಗ್ಯಕ್ಕೂ ಸಂಬಂಧಿಸಿದ್ದು ಎಂಬುದನ್ನು ನಾನು ನನ್ನ ಮಗಳಿಂದ ಕಲಿತೆ. ಅದನ್ನು ಹೇಳುವುದಕ್ಕೇ ಈ ವಾರದ ಲೇಖನ.

ಗುಂಡುಕಲ್ಲು ಕುಡಿದ ಹಾಲು

ಮೊದಲು ನನ್ನ ತಂದೆಯ ವಿಷಯ. 1995ರ ಸೆಪ್ಟೆಂಬರ್ 21, ಗುರುವಾರ. ಗಣೇಶನ ವಿಗ್ರಹ ಹಾಲು ಕುಡಿಯುತ್ತಿದೆ ಎಂಬ ಸುದ್ದಿ ದೆಹಲಿಯಿಂದ ಹೊರಟು ಮಧ್ಯಾಹ್ನದೊಳಗೆ ಊರೂರಿಗೆ ಹಬ್ಬಿತ್ತು. ಮೊಬೈಲ್ ಫೋನಿನ ಕಾಲವಲ್ಲ, ಆದರೂ ಸುದ್ದಿ ದೇಶವನ್ನು ದಾಟಿ ಹೊರದೇಶಗಳ ದೇವಾಲಯಗಳನ್ನೂ ಮುಟ್ಟಿತು. ನಾನಾಗ ಹೈಸ್ಕೂಲು ಹುಡುಗ. ನಮ್ಮ ಬಡಾವಣೆಯ ಗುಡಿಯ ಮುಂದೆಯೂ ಚೊಂಬು, ಲೋಟ, ಚಮಚ ಹಿಡಿದ ಜನರ ಸಾಲು ಬೆಳೆದಿತ್ತು.

ತಂದೆ ದೇವರನ್ನು ನಂಬುತ್ತಿದ್ದರು, ಪವಾಡವನ್ನು ನಂಬುತ್ತಿರಲಿಲ್ಲ. ಆದರೂ "ಅದೆಲ್ಲ ಸುಳ್ಳು, ಓದ್ಕೋ ಹೋಗು" ಎಂದು ನನ್ನನ್ನು ಗದರಲಿಲ್ಲ. "ಬಾ, ನೋಡಿಕೊಂಡು ಬರೋಣ" ಎಂದು ಕರೆದೊಯ್ದು ಸಾಲಿನಲ್ಲಿ ನಿಂತರು. ನಮ್ಮ ಸರದಿ ಬಂತು. ತುಂಬಿದ ಚಮಚವನ್ನು ಸೊಂಡಿಲಿಗೆ ತಾಗಿಸಿದಾಗ ಹಾಲು ನಿಜಕ್ಕೂ ಇಳಿದುಹೋಯಿತು. ನನಗೆ ಮೈ ಜುಮ್ಮೆಂದಿತು. ತಂದೆ ಕೈಮುಗಿದು ಹೊರಬಂದರು.

ಮನೆಗೆ ಬಂದ ಮೇಲೆ ಅಡುಗೆಮನೆಯ ರುಬ್ಬುವ ಗುಂಡನ್ನು ತೊಳೆದು ನಿಲ್ಲಿಸಿದರು. "ಈಗ ಇದಕ್ಕೆ ಕುಡಿಸು" ಎಂದರು. ಚಮಚದ ಅಂಚನ್ನು ಕಲ್ಲಿಗೆ ತಾಗಿಸಿದೆ. ಗುಂಡುಕಲ್ಲೂ ಹಾಲು ಕುಡಿಯಿತು! ಆಮೇಲೆ ಹಾಲಿಗೆ ಚಿಟಿಕೆ ಕುಂಕುಮ ಬೆರೆಸಿ ಮತ್ತೆ ಕುಡಿಸಲು ಹೇಳಿದರು. ಆಗ ಕೆಂಪು ಹಾಲು ತೆಳುವಾದ ಪದರವಾಗಿ ಕಲ್ಲಿನ ಮೈಮೇಲೆ ಕೆಳಗೆ ಹರಿಯುವುದು ಕಣ್ಣಿಗೆ ಕಂಡಿತು. ಸರ್ಕಾರದ ವಿಜ್ಞಾನಿಗಳೂ ದೆಹಲಿಯಲ್ಲಿ ಬಣ್ಣ ಬೆರೆಸಿದ ಹಾಲಿನಿಂದಲೇ ಇದನ್ನು ತೋರಿಸಿದ್ದರೆಂದು ನಂತರ ತಿಳಿಯಿತು. ತುಂಬಿದ ಚಮಚದ ಹಾಲು ಅಂಚಿನಿಂದ ತುಸು ಉಬ್ಬಿ ನಿಂತಿರುತ್ತದೆ. ಅದಕ್ಕೆ ಕಲ್ಲು ತಾಗಿದ ಕೂಡಲೇ ದ್ರವದ ಮೇಲ್ಮೈ ಸೆಳೆತ ಅದನ್ನು ಹೊರಗೆಳೆಯುತ್ತದೆ. ಮುಂದೆ ಭೂಮಿಯ ಆಕರ್ಷಣೆ ಅದನ್ನು ಕೆಳಗಿಳಿಸುತ್ತದೆ. ಬಿಳಿಯ ಕಲ್ಲಿನ ಮೇಲೆ, ಒದ್ದೆಯಾದ ವಿಗ್ರಹದ ಮೇಲೆ ಬಿಳಿ ಹಾಲು ಹರಿದರೆ ಯಾರಿಗೆ ಕಂಡೀತು?

ತಂದೆ ನನಗೆ ಯಾವ ತೀರ್ಮಾನವನ್ನೂ ಹೇಳಲಿಲ್ಲ. ಒಂದನ್ನು ಮಾತ್ರ ಬದಲಿಸಿದರು. ವಿಗ್ರಹದ ಜಾಗದಲ್ಲಿ ಗುಂಡುಕಲ್ಲು ಇಟ್ಟರು, ಮಿಕ್ಕದ್ದೆಲ್ಲ ಹಾಗೆಯೇ ಇತ್ತು. ವೈದ್ಯಕೀಯ ಕಾಲೇಜಿನಲ್ಲಿ ಮುಂದೆ ನಾನು ಓದಿದ ಎಲ್ಲ ಪ್ರಯೋಗಗಳ ತಿರುಳು ಇಷ್ಟೇ.

ಬಸವನಗುಡಿಯ ಮೇಷ್ಟ್ರು

ಇಂಥ ಅಭ್ಯಾಸ ದಕ್ಷಿಣ ಬೆಂಗಳೂರಿನ ಮನೆಗಳಿಗೆ ಗಾಳಿಯಲ್ಲಿ ಹಾರಿಬಂದದ್ದಲ್ಲ. ಅದರ ಹಿಂದೆ ಡಾ. ಎಚ್. ನರಸಿಂಹಯ್ಯನವರಂಥ ಮೇಷ್ಟ್ರ ದುಡಿಮೆ ಇದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಹುಟ್ಟಿದ ಅವರು ಭೌತಶಾಸ್ತ್ರ ಓದಿ, ಅಮೆರಿಕದ ಓಹಿಯೋದಲ್ಲಿ ಡಾಕ್ಟರೇಟ್ ಪಡೆದು, ಮರಳಿ ಬಸವನಗುಡಿಯ ನ್ಯಾಷನಲ್ ಕಾಲೇಜಿಗೇ ಬಂದರು. ಮದುವೆಯಾಗಲಿಲ್ಲ, ಬದುಕಿನ ಬಹುಭಾಗವನ್ನು ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಕಳೆದರು. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಜನಸಾಮಾನ್ಯರಿಗಾಗಿ ವಿಜ್ಞಾನದ ಉಪನ್ಯಾಸಗಳನ್ನು ವಾರವಾರವೂ ಏರ್ಪಡಿಸುತ್ತಾ ಬಂತು. ಆ ಸಭಾಂಗಣದ ಹಿಂದಿನ ಸಾಲಿನಲ್ಲಿ ತಂದೆಯ ಪಕ್ಕ ಕುಳಿತು, ಅರ್ಧ ಅರ್ಥವಾಗಿ ಅರ್ಧ ತೂಕಡಿಸಿದ ಹುಡುಗರು ನನ್ನ ವಯಸ್ಸಿನವರಲ್ಲಿ ಅನೇಕರಿದ್ದಾರೆ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಅವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿ ರಚಿಸಿದರು. ಪಾಂಡವಪುರದ ಒಬ್ಬ ಪುಟ್ಟ ಹುಡುಗನ ಮೈಯಿಂದ ವಿಭೂತಿ ಉದುರುತ್ತದೆಂದು ಆಗ ಜನ ಮುಗಿಬೀಳುತ್ತಿದ್ದರು. ಸಮಿತಿಯವರು ಹೋಗಿ ನೋಡಿದಾಗ ವಿಭೂತಿ ಇದ್ದದ್ದು ಹುಡುಗನ ಉಡುಪಿನೊಳಗೆ. ಆ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ಪವಾಡಕ್ಕಿಂತ ಆ ಹುಡುಗನ ನೆನಪೇ ಹೆಚ್ಚು ಕಾಡುತ್ತದೆ. ಶಾಲೆಗೆ ಹೋಗಿ "ಯಾಕೆ?" ಎಂದು ಕೇಳಬೇಕಾದ ವಯಸ್ಸಿನಲ್ಲಿ ಅವನನ್ನು ದೊಡ್ಡವರು ಉತ್ತರವನ್ನಾಗಿ ಮಾಡಿ ಕೂರಿಸಿಬಿಟ್ಟಿದ್ದರು.

ಅದೇ 1976ರಲ್ಲಿ ಸಂವಿಧಾನಕ್ಕೆ ಆದ 42ನೇ ತಿದ್ದುಪಡಿ ನಾಗರಿಕರ ಮೂಲಭೂತ ಕರ್ತವ್ಯಗಳನ್ನು ಸೇರಿಸಿತು. ವೈಜ್ಞಾನಿಕ ಮನೋಭಾವ ಮತ್ತು ಪ್ರಶ್ನಿಸುವ ಪ್ರವೃತ್ತಿಯನ್ನು ಬೆಳೆಸಿಕೊಳ್ಳುವುದು ಅವುಗಳಲ್ಲಿ ಒಂದು. ಅಂದರೆ ನಿಮ್ಮ ಮಗು ಊಟದ ಹೊತ್ತಿನಲ್ಲಿ ಹತ್ತನೆಯ ಸಲ "ಯಾಕೆ?" ಎಂದಾಗ ಅದು ತನ್ನ ಕರ್ತವ್ಯವನ್ನೇ ಮಾಡುತ್ತಿದೆ! 2005ರ ಜನವರಿಯಲ್ಲಿ ನರಸಿಂಹಯ್ಯನವರು ತೀರಿಕೊಂಡರು. ಅವರು ಹಚ್ಚಿದ ದೀಪಕ್ಕೆ ಎಣ್ಣೆ ಹಾಕುವುದು ಈಗ ಮನೆಗಳ ಕೆಲಸ.

ಗ್ರಹಣದ ದಿನದ ಒನಕೆ

2019ರ ಡಿಸೆಂಬರ್ 26ರ ಬೆಳಗ್ಗೆ ಸೂರ್ಯಗ್ರಹಣವಿತ್ತು. ಮಂಗಳೂರು, ಕೊಡಗಿನ ಕಡೆ ಕಂಕಣ ಗ್ರಹಣ. ನಮ್ಮ ಬೆಂಗಳೂರಿನಲ್ಲಿ ಸೂರ್ಯನ ಬಹುಭಾಗವನ್ನು ಮುಚ್ಚಿದ ಪಾರ್ಶ್ವ ಗ್ರಹಣ. ಮಗಳಿಗೆ ಆಗ ಏಳು ವರ್ಷ. ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಮೋಡ ಸರಿದಾಗಲೆಲ್ಲ ಬಿದಿಗೆ ಚಂದ್ರನಂಥ ಸೂರ್ಯನ ಬಿಂಬವನ್ನು ಗೋಡೆಯ ಮೇಲೆ ಅವಳಿಗೆ ತೋರಿಸುತ್ತಿದ್ದೆ. ಒಳಗೆ ನನ್ನ ತಾಯಿ ಹಿತ್ತಾಳೆ ತಟ್ಟೆಯಲ್ಲಿ ಅರಿಶಿನದ ನೀರು ಹಾಕಿ, ಊರಿನಿಂದ ತಂದು ಜೋಪಾನ ಮಾಡಿದ್ದ ಹಳೆಯ ಒನಕೆಯನ್ನು ಅದರಲ್ಲಿ ನಿಲ್ಲಿಸಿದರು. ಒನಕೆ ನೆಟ್ಟಗೆ ನಿಂತಿತು. ಗ್ರಹಣ ಹಿಡಿದಿರುವಷ್ಟು ಹೊತ್ತು ಮಾತ್ರ ಅದು ಹೀಗೆ ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಎಂಬ ನಂಬಿಕೆ ನಮ್ಮ ಕಡೆ ಹಳೆಯದು.

ನಾನು ಎಂದಿನಂತೆ "ಅಮ್ಮ, ಇದೆಲ್ಲ ಏನು? ಮಗುವಿನ ತಲೆ ಕೆಡಿಸಬೇಡ" ಎಂದೆ. ತಾಯಿ ಮುಖ ಸಣ್ಣಗೆ ಮಾಡಿಕೊಂಡರು. ಮಗಳು ಇಬ್ಬರನ್ನೂ ನೋಡಿ ಕೇಳಿದಳು: "ಅಜ್ಜಿ, ನಾಳೆ ಗ್ರಹಣ ಇರಲ್ಲ ಅಲ್ವಾ? ನಾಳೆನೂ ನಿಲ್ಲಿಸಿ ನೋಡೋಣ್ವಾ?"

ಮಾರನೆಯ ದಿನ ಅಜ್ಜಿಯೇ ತಟ್ಟೆ ತಂದಿಟ್ಟರು. ಒನಕೆ ನಿಂತಿತು. ನೀರಿಲ್ಲದೆ ಬರೀ ನೆಲದ ಮೇಲೆಯೂ ನಿಂತಿತು. ಕಬ್ಬಿಣದ ಬಳೆ ಹಾಕಿದ ಅದರ ತಳ ಸಮತಟ್ಟಾಗಿತ್ತು, ಮರ ನೇರವಾಗಿತ್ತು. ಕೈ ಅಲುಗಿಸದೆ ನಿಲ್ಲಿಸಿದರೆ ಯಾವ ದಿನವಾದರೂ ನಿಲ್ಲುತ್ತದೆ. ತಾಯಿ ಬಾಯಿಗೆ ಸೆರಗು ಹಿಡಿದು ನಕ್ಕು, "ಇಷ್ಟು ವರ್ಷ ಗ್ರಹಣ ಬಿಟ್ಟ ಮೇಲೆ ನಾವೇ ತೆಗೆದು ಮಲಗಿಸ್ತಿದ್ವಿ ಕಣೇ" ಎಂದರು. ಹತ್ತು ವರ್ಷದಿಂದ ನಾನು ವಾದ ಮಾಡಿ ಸಾಧಿಸದೇ ಇದ್ದದ್ದನ್ನು ಆ ಹುಡುಗಿ ಒಂದು ಪ್ರಶ್ನೆಯಲ್ಲಿ ಸಾಧಿಸಿದ್ದಳು. ಅಜ್ಜಿಯ ಮರ್ಯಾದೆಯೂ ಉಳಿದಿತ್ತು.

ಇದೊಂದು ತಮಾಷೆಯ ಸಂಗತಿಯಾಗಿ ಮುಗಿಯುತ್ತಿತ್ತೇನೋ. ಆದರೆ ಅದೇ ಗ್ರಹಣದ ಬೆಳಗ್ಗೆ ಕಲಬುರಗಿ ಬಳಿಯ ತಾಜ್‌ಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಅವರ ತಂದೆ ತಾಯಿಯರೇ ಕುತ್ತಿಗೆಯವರೆಗೆ ಗುಂಡಿಯಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣ ಕಾಲದಲ್ಲಿ ಹಾಗೆ ಮಾಡಿದರೆ ಮಕ್ಕಳು ಗುಣವಾಗುತ್ತಾರೆಂಬ ಆಸೆ. ವಿಷಯ ತಿಳಿದ ಮೇಲೆ ಮಕ್ಕಳನ್ನು ಹೊರತೆಗೆಸಲಾಯಿತು. ಅಳುವ ಆ ಮಕ್ಕಳ ಚಿತ್ರಗಳನ್ನು ನೀವೂ ನೋಡಿರಬಹುದು. ಆ ತಾಯಂದಿರಿಗೆ ಪ್ರೀತಿ ಕಡಿಮೆಯಿತ್ತೇ? ಖಂಡಿತ ಇಲ್ಲ. ಮಗು ಎದ್ದು ನಡೆಯಲಿ ಎಂಬ ಹಂಬಲವೇ ಅವರನ್ನು ಅಲ್ಲಿಗೆ ಒಯ್ದದ್ದು. ಇಂಥ ಮಕ್ಕಳಿಗೆ ಬೇಕಾದದ್ದು ಬೇಗ ಆರಂಭಿಸುವ, ವರ್ಷಗಟ್ಟಲೆ ಬಿಡದೆ ಮಾಡಿಸುವ ವ್ಯಾಯಾಮ ಚಿಕಿತ್ಸೆ ಮತ್ತು ತರಬೇತಿ. ಅದನ್ನು ಅವರಿಗೆ ಕುಳಿತು ತಿಳಿಸಿ ಹೇಳುವ ಹೊಣೆ ನಮ್ಮಂಥ ವೈದ್ಯರದು. ನಾವು ಬಿಟ್ಟ ಜಾಗವನ್ನೇ ಗುಂಡಿ ತೋಡುವ ಸಲಹೆ ತುಂಬುತ್ತದೆ. ಅವರನ್ನು ಕಂಡು ನಗುವ ಹಕ್ಕು ನಮಗಿಲ್ಲ.

ನಾನು ಕೇಳದೇ ಹೋದ ಪ್ರಶ್ನೆ

ಒನಕೆಯ ಪ್ರಸಂಗ ನಡೆದು ತಿಂಗಳೊಳಗೆ ಮಗಳು ತಲೆನೋವೆಂದು ಹೇಳತೊಡಗಿದಳು. ಜ್ವರವಿಲ್ಲ, ವಾಂತಿಯಿಲ್ಲ, ಆಟಕ್ಕೆ ಕೊರತೆಯಿಲ್ಲ. ನಾನು ಸಾಕ್ಷ್ಯಾಧಾರ ಕೇಳುವ ಮನುಷ್ಯನಲ್ಲವೇ? ಒಂದು ವಾರ ಲೆಕ್ಕವಿಟ್ಟೆ. ಶಾಲೆಯಿರುವ ದಿನಗಳಲ್ಲಿ ತಲೆನೋವು, ಭಾನುವಾರ ಮಾಯ! ತೀರ್ಮಾನ ಮುಗಿದೇ ಹೋಯಿತು. "ಇದು ಸ್ಕೂಲ್ ತಪ್ಪಿಸೋ ತಲೆನೋವು, ನನ್ನ ಹತ್ತಿರ ನಡೆಯಲ್ಲ" ಎಂದೆ. ಅವಳು ಹೇಳುವುದನ್ನು ನಿಲ್ಲಿಸಿದಳು. ತಲೆನೋವು ನಿಂತಿತೆಂದು ನಾನು ತಿಳಿದೆ.

ಕೆಲವು ದಿನಗಳ ಮೇಲೆ ಜಯನಗರ 4ನೇ ಬ್ಲಾಕಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಅವಳು ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ತೆಗೆದು, ಇನ್ನೊಂದನ್ನು ಮುಚ್ಚಿ ಬಸ್ಸಿನ ಬೋರ್ಡುಗಳನ್ನು ನೋಡುತ್ತಿದ್ದಳು. ಆಟ ಎಂದುಕೊಂಡೆ.

"ಅಪ್ಪ, ಒನಕೆ ಥರ ನೋಡ್ದೆ" ಎಂದಳು.

"ಅಂದ್ರೆ?"

"ಬೋರ್ಡು ಅದೇ, ನಿಂತಿರೋ ಜಾಗಾನೂ ಅದೇ. ಕಣ್ಣು ಮಾತ್ರ ಬದಲಾಯಿಸ್ದೆ. ಎಡಗಣ್ಣಲ್ಲಿ ಓದಕ್ಕೆ ಆಗುತ್ತೆ. ಬಲಗಣ್ಣಲ್ಲಿ ಬರೀ ಮಸಕು."

ಅಲ್ಲೇ ಪರೀಕ್ಷಿಸಿದೆ. ನಿಜ. ಮರುದಿನ ಕಣ್ಣಿನ ತಜ್ಞರು ನೋಡಿ, ಬಲಗಣ್ಣಿನ ದೃಷ್ಟಿ 6/24 ಎಂದರು. ಎರಡು ಕಣ್ಣುಗಳ ಪವರ್ ನಡುವೆ ದೊಡ್ಡ ವ್ಯತ್ಯಾಸ. ಇಂಥ ಸ್ಥಿತಿಯಲ್ಲಿ ಮಿದುಳು ಮಸುಕಾದ ಕಣ್ಣು ಕಳಿಸುವ ಚಿತ್ರವನ್ನು ಕ್ರಮೇಣ ಕಡೆಗಣಿಸುತ್ತದೆ. ಕಣ್ಣು ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಅದರ ದೃಷ್ಟಿ ಬೆಳೆಯುವುದಿಲ್ಲ. ಆಡುಮಾತಿನಲ್ಲಿ ಇದಕ್ಕೆ ಸೋಮಾರಿ ಕಣ್ಣು ಎನ್ನುತ್ತಾರೆ. ಇನ್ನೊಂದು ಕಣ್ಣು ಚೆನ್ನಾಗಿ ಕಾಣುವುದರಿಂದ ಮಗುವಿಗೂ ಗೊತ್ತಾಗುವುದಿಲ್ಲ, ಮನೆಯವರಿಗೂ ಗೊತ್ತಾಗುವುದಿಲ್ಲ. ಚಿಕಿತ್ಸೆ ಸರಳ: ಸರಿಯಾದ ಕನ್ನಡಕ, ಅಗತ್ಯವಿದ್ದರೆ ದಿನಕ್ಕೆ ಕೆಲವು ಗಂಟೆ ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಿ ಸೋಮಾರಿ ಕಣ್ಣಿಗೆ ಕೆಲಸ ಕೊಡುವುದು. ಆದರೆ ಕಾಲ ಮೀರಬಾರದು. ಏಳೆಂಟು ವರ್ಷದೊಳಗೆ ಆರಂಭಿಸಿದರೆ ಫಲ ಚೆನ್ನಾಗಿರುತ್ತದೆ. ವಯಸ್ಸು ಏರಿದಂತೆ ಸುಧಾರಣೆ ನಿಧಾನವಾಗುತ್ತದೆ, ಅಪೂರ್ಣವಾಗುತ್ತದೆ.

ನನ್ನ ತಪ್ಪನ್ನು ಗಮನಿಸಿ. ನನ್ನ ಕೈಯಲ್ಲಿದ್ದ ಸಾಕ್ಷ್ಯ ಸರಿಯಾಗಿಯೇ ಇತ್ತು. ಶಾಲೆಯ ದಿನ ತಲೆನೋವು, ರಜೆಯಲ್ಲಿ ಇಲ್ಲ. ಅದಕ್ಕೆ ಎರಡು ಕಾರಣಗಳು ಸಾಧ್ಯವಿದ್ದವು. ಶಾಲೆ ಬೇಡವಾಗಿರಬಹುದು, ಇಲ್ಲವೇ ಗಂಟೆಗಟ್ಟಲೆ ಕರಿಹಲಗೆ ನೋಡಿ ಕಣ್ಣು ದಣಿದಿರಬಹುದು. "ಬೇರೆ ಕಾರಣ ಇರಬಹುದೇ?" ಎಂಬ ಒಂದು ಪ್ರಶ್ನೆಯನ್ನು ನಾನು ಕೇಳಲಿಲ್ಲ. ಜ್ಯೋತಿಷಿಯನ್ನು ಸಂಶಯಿಸಿದೆ, ವಾಟ್ಸಾಪ್ ಸುದ್ದಿಯನ್ನು ಸಂಶಯಿಸಿದೆ, ನನ್ನ ತಾಯಿಯನ್ನು ಸಂಶಯಿಸಿದೆ, ಕೊನೆಗೆ ಏಳು ವರ್ಷದ ಮಗುವನ್ನೂ ಸಂಶಯಿಸಿದೆ. ನನ್ನೊಬ್ಬನನ್ನು ಮಾತ್ರ ಬಿಟ್ಟುಬಿಟ್ಟೆ!

ಆ ವರ್ಷ ಮಾರ್ಚಿಯಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದವು. ಮನೆಯಲ್ಲೇ ಕುಳಿತು ದಿನವೂ ಎಡಗಣ್ಣಿಗೆ ಪಟ್ಟಿ ಹಾಕಿಕೊಂಡು ಅಜ್ಜಿಯೊಂದಿಗೆ ಚೌಕಾಬಾರ ಆಡಿದಳು. ಒಂದು ವರ್ಷದಲ್ಲಿ ಬಲಗಣ್ಣು 6/9ಕ್ಕೆ ಬಂತು. ಇನ್ನೂ ಎರಡು ಮೂರು ವರ್ಷ ಅವಳು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಇಂದಿಗೂ ನನಗೆ ರಾತ್ರಿ ನಿದ್ದೆ ಹಾರಿಹೋಗುತ್ತದೆ.

ಬಾಯಿ ಬಿಡುವ ಮಗು

ಪ್ರಶ್ನಿಸಲು ಬಿಡದ ಮನೆಯಲ್ಲಿ ಮಗು ಪ್ರಶ್ನೆಯನ್ನು ಮಾತ್ರ ನುಂಗುವುದಿಲ್ಲ, ನೋವನ್ನೂ ನುಂಗುತ್ತದೆ. ಇದಕ್ಕೆ ಅತಿ ಅಪಾಯದ ಉದಾಹರಣೆ ನಾಯಿ ಕಡಿತ. ನಮ್ಮ ಬಡಾವಣೆಗಳ ಬೀದಿಗಳಲ್ಲಿ ಆಡುವ ಮಗುವಿಗೆ ನಾಯಿ ಪರಚಿರುತ್ತದೆ. ಮನೆಯಲ್ಲಿ ಬೈಯುತ್ತಾರೆ, ಹೊಕ್ಕುಳ ಸುತ್ತ 14 ಇಂಜೆಕ್ಷನ್ ಚುಚ್ಚುತ್ತಾರೆ ಎಂಬ ಹೆದರಿಕೆಯಿಂದ ಅದು ಹೇಳುವುದೇ ಇಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ವಿರಳ. ಆದರೆ ಸಕಾಲದಲ್ಲಿ ಚಿಕಿತ್ಸೆ ಪಡೆದರೆ ಇದನ್ನು ಪೂರ್ತಿಯಾಗಿ ತಡೆಯಬಹುದು. ಹೊಟ್ಟೆಗೆ ಚುಚ್ಚುತ್ತಿದ್ದ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2004ರ ಕೊನೆಯ ಹೊತ್ತಿಗೇ ನಿಂತುಹೋಗಿದೆ. ಈಗ ತೋಳಿಗೆ, ನಾಲ್ಕೈದು ಸಲ. ಗಾಯ ಆಳವಾಗಿದ್ದರೆ ಅಥವಾ ರಕ್ತ ಬಂದಿದ್ದರೆ ಗಾಯದ ಸುತ್ತ ಇನ್ನೊಂದು ಔಷಧವನ್ನೂ ಕೊಡಬೇಕಾಗುತ್ತದೆ. ಮೊದಲು ಮಾಡಬೇಕಾದದ್ದು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯುವುದು. ಸುಣ್ಣ, ಅರಿಶಿನ, ಮೆಣಸಿನಪುಡಿ ಹಚ್ಚಬಾರದು. ಇಷ್ಟನ್ನು ಮಗುವಿಗೆ ಮೊದಲೇ ಹೇಳಿಟ್ಟರೆ, ಬೈಯುವುದಿಲ್ಲವೆಂಬ ಭರವಸೆ ಕೊಟ್ಟರೆ, ಅದು ಓಡಿಬಂದು ಹೇಳುತ್ತದೆ.

ಪ್ರಶ್ನಿಸುವ ಮಗು ಔಷಧದ ವಿಷಯದಲ್ಲೂ ನಮಗೆ ಪಾಠ ಹೇಳುತ್ತದೆ. ವೈರಸ್ಸಿನಿಂದ ಬಂದ ಸಾಮಾನ್ಯ ನೆಗಡಿ ಜ್ವರ ಮೂರು ನಾಲ್ಕು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಮೂರನೆಯ ದಿನ ಇಂಜೆಕ್ಷನ್ ಕೊಟ್ಟ ವೈದ್ಯರಿಗೆ ಕೈಗುಣದ ಹೆಸರು ಬರುತ್ತದೆ. ಸಾಮಾನ್ಯವಾಗಿ ಕಾಣುವ ಕಾಮಾಲೆಯೂ, ಅಂದರೆ ಹೆಪಟೈಟಿಸ್ ಎ, ಬಹುಪಾಲು ಮಕ್ಕಳಲ್ಲಿ ಕೆಲವು ವಾರಗಳಲ್ಲಿ ತಾನೇ ವಾಸಿಯಾಗುತ್ತದೆ. ಹೆಸರು ಮಾತ್ರ ಸೊಪ್ಪಿನ ರಸಕ್ಕೆ. "ಕೊಡದೇ ಇದ್ದಿದ್ದರೆ ಏನಾಗ್ತಿತ್ತು?" ಎಂಬುದು ಒನಕೆಯ ಪ್ರಶ್ನೆಯೇ. ಹಾಗೆಂದು ಚಿಕಿತ್ಸೆಯೇ ಬೇಡ ಎಂದು ಅರ್ಥವಲ್ಲ. ಮಗು ಮಂಕಾದರೆ, ಏನನ್ನೂ ಕುಡಿಯದಿದ್ದರೆ, ಉಸಿರು ಏದಿದರೆ, ಮೂತ್ರ ಕಡಿಮೆಯಾದರೆ ಕಾಯುತ್ತಾ ಕೂರದೆ ವೈದ್ಯರ ಬಳಿ ಹೋಗಬೇಕು. ಯಾವಾಗ ಕಾಯಬೇಕು, ಯಾವಾಗ ಓಡಬೇಕು ಎಂದು ವೈದ್ಯರನ್ನೇ ಕೇಳಿ. ಕೇಳಿದ್ದಕ್ಕೆ ಸಿಡುಕದೆ ಉತ್ತರಿಸುವುದು ನಮ್ಮ ಧರ್ಮ.

ಸಂಶಯವೇ ಹಟವಾದಾಗ

ಇನ್ನೊಂದು ಅತಿರೇಕವೂ ಇದೆ. "ನಾನು ಪ್ರಶ್ನಿಸುವವನು" ಎನ್ನುತ್ತಲೇ ಮಗುವಿಗೆ ಲಸಿಕೆ ಹಾಕಿಸದ ತಂದೆಯರನ್ನು ಈಚೆಗೆ ನೋಡುತ್ತಿದ್ದೇನೆ. ಲಸಿಕೆಯ ಬಗ್ಗೆ ಪ್ರಶ್ನೆ ಕೇಳುವುದು ತಪ್ಪಲ್ಲ. ಯಾವ ರೋಗಕ್ಕೆ, ಎಷ್ಟು ಕಾಲ ರಕ್ಷಣೆ, ಏನು ತೊಂದರೆ ಆಗಬಹುದು ಎಂದು ಕೇಳಲೇಬೇಕು. ಆದರೆ ಉತ್ತರ ಸಿಕ್ಕ ಮೇಲೂ ಅದನ್ನು ಒಪ್ಪದಿದ್ದರೆ ಅದು ಪ್ರಶ್ನೆಯಲ್ಲ, ಹಟ. ಸಿಡುಬು ನಮ್ಮ ದೇಶದಲ್ಲಿ 1975ರಲ್ಲಿ ಕೊನೆಗೊಂಡಿತು. ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, 2014ರ ಮಾರ್ಚಿಯಲ್ಲಿ ಭಾರತ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಬಂತು. ಕ್ಯಾಲಿಪರ್ ಕಟ್ಟಿಕೊಂಡು ಶಾಲೆಗೆ ಬರುತ್ತಿದ್ದ ಸಹಪಾಠಿಗಳು ನನ್ನ ವಯಸ್ಸಿನವರಿಗೆ ನೆನಪಿದ್ದಾರೆ. ನನ್ನ ಮಗಳ ತರಗತಿಯಲ್ಲಿ ಅಂಥವರು ಒಬ್ಬರೂ ಇಲ್ಲ. ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೇ?

ಸಂಶಯಕ್ಕೆ ಒಂದು ಗುರಿ ಇರಬೇಕು, ನಿಜ ತಿಳಿಯುವ ಗುರಿ. ಎಲ್ಲವನ್ನೂ ಅಲ್ಲಗಳೆಯುವ ಮನೆಯಲ್ಲಿ ಬೆಳೆದ ಮಗು ಯಾರನ್ನೂ ನಂಬದೆ ಒಂಟಿಯಾಗುತ್ತದೆ. ಅಜ್ಜಿಯನ್ನು ಕಂಡು ನಗುವುದನ್ನು ಕಲಿತ ಮಗು ನಾಳೆ ಶಾಲೆಯಲ್ಲಿ ದಡ್ಡನೆಂದು ತಾನು ತಿಳಿದವನನ್ನೂ ಕಂಡು ನಗುತ್ತದೆ. ಅದು ವೈಜ್ಞಾನಿಕ ಮನೋಭಾವವಲ್ಲ, ಬರೀ ಜಂಬ.

ತಂದೆಯರಿಗೆ ಕೆಲವು ಸಲಹೆಗಳು

1. "ಗೊತ್ತಿಲ್ಲ, ಇಬ್ಬರೂ ಸೇರಿ ನೋಡೋಣ" ಎನ್ನಲು ನಾಚಬೇಡಿ. ಇದರಿಂದ ತಂದೆಯ ಗೌರವ ತಗ್ಗುವುದಿಲ್ಲ. ನೋಡೋಣ ಎಂದ ಮೇಲೆ ಮರೆಯದೆ ನೋಡಬೇಕು, ಅಷ್ಟೇ.

2. ಮಗು ಏನಾದರೂ ಹೇಳಿದಾಗ ಮೂರು ಪ್ರಶ್ನೆಗಳನ್ನು ಮೆತ್ತಗೆ ಕೇಳಿ: ನಿನಗೆ ಹೇಗೆ ಗೊತ್ತಾಯಿತು? ಬೇರೆ ಕಾರಣ ಇರಬಹುದೇ? ಹೇಗೆ ಪರೀಕ್ಷೆ ಮಾಡೋಣ? ನಿಮ್ಮ ಮಾತಿಗೂ ಇದೇ ಮೂರು ಪ್ರಶ್ನೆ ಕೇಳಲು ಮಗುವಿಗೆ ಹೇಳಿಕೊಡಿ.

3. ದುಬಾರಿ ಕಿಟ್‌ಗಳು ಬೇಕಿಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆರಡು ಸಲ, ಏಪ್ರಿಲ್ 24-25 ಮತ್ತು ಆಗಸ್ಟ್ 18ರ ಸುಮಾರಿಗೆ, ಮಧ್ಯಾಹ್ನ ಹನ್ನೆರಡೂಕಾಲು ದಾಟಿದ ಹೊತ್ತಿನಲ್ಲಿ ಸೂರ್ಯ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ತಾರಸಿಯಲ್ಲಿ ಒಂದು ಲೋಟ ಬೋರಲಿಟ್ಟು ನೋಡಿ, ನೆರಳು ಮಾಯವಾಗುತ್ತದೆ. ಲಾಲ್‌ಬಾಗಿನ ಬಂಡೆ ಹತ್ತಿದಾಗ ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸೆಂದು ಹೇಳಿ, ಮಗು ಏನು ಕೇಳುತ್ತದೆ ಎಂದು ಕಾದು ನೋಡಿ.

4. ಪ್ರಯೋಗ ಸಲ್ಲದ ಜಾಗಗಳನ್ನು ಸ್ಪಷ್ಟವಾಗಿ ಹೇಳಿ, ಕಾರಣವನ್ನೂ ಹೇಳಿ. ವಿದ್ಯುತ್ತು, ಗ್ಯಾಸ್ ಒಲೆ, ಮನೆಯ ಔಷಧದ ಡಬ್ಬಿ, ಬರಿಗಣ್ಣಿನಿಂದ ಸೂರ್ಯನನ್ನು ನೋಡುವುದು, ಇವು ಆಟದ ವಸ್ತುಗಳಲ್ಲ. ನಾಯಿ, ಹಾವು ಕಡಿದಾಗ ಮನೆಮದ್ದಿನ ಪರೀಕ್ಷೆ ಬೇಡ, ನೇರ ಆಸ್ಪತ್ರೆಗೆ.

5. ವೈದ್ಯರ ಮುಂದೆ ಮಗುವೇ ಮಾತನಾಡಲಿ. ನೀವು ಆಮೇಲೆ ಸೇರಿಸಿ.

6. ಶಾಲೆಗೆ ಸೇರುವ ಮೊದಲೇ ಒಮ್ಮೆ ಎರಡೂ ಕಣ್ಣುಗಳನ್ನು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಿ. ಮಗು ಮೆಳ್ಳಗಣ್ಣು ಮಾಡಿದರೆ, ಪುಸ್ತಕವನ್ನು ಮುಖಕ್ಕೆ ಒತ್ತಿ ಓದಿದರೆ, ತಲೆ ವಾಲಿಸಿ ನೋಡಿದರೆ ತಡಮಾಡಬೇಡಿ.

ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ. ಈಚೆಗೆ ಒಂದು ಸಂಜೆ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಕುಳಿತು ಹೋಂವರ್ಕ್ ಮಾಡುತ್ತಿದ್ದವಳು, ರೋಗಿಗಳು ಹೋದ ಮೇಲೆ ಕೇಳಿದಳು: "ಅಪ್ಪ, ಆ ಪಾಪುಗೆ ಹಸಿವಾಗಲಿ ಅಂತ ಟಾನಿಕ್ ಬರೆದ್ಯಲ್ಲ. ಅದರಿಂದಾನೇ ಹಸಿವಾಗುತ್ತೆ ಅಂತ ನಿಂಗೆ ಹೇಗೆ ಗೊತ್ತು?"

ಬಾಯಿಗೆ ಬಂದ ಉತ್ತರವನ್ನು ತಡೆದುಕೊಂಡೆ. ರಾತ್ರಿ ಕುಳಿತು ಪುಸ್ತಕ ತೆಗೆದು ಹುಡುಕಿದೆ. ಹಸಿವಿನ ಟಾನಿಕ್‌ಗೆ ಗಟ್ಟಿಯಾದ ಆಧಾರ ನನಗೆ ಸಿಗಲಿಲ್ಲ. ಮರುವಾರ ಆ ಮಗುವಿನ ತಾಯಿ ಬಂದಾಗ, ಟಾನಿಕ್ ನಿಲ್ಲಿಸಿ, ಊಟಕ್ಕೆ ಮುಂಚೆ ಬಿಸ್ಕತ್ತು, ಹಾಲು ಕೊಡಬೇಡಿ, ಸಂಜೆ ಒಂದು ಗಂಟೆ ಆಡಲು ಬಿಡಿ ಎಂದೆ.

"ಮತ್ತೆ ಹೋದ ವಾರ ಬರೆದುಕೊಟ್ರಲ್ಲ ಡಾಕ್ಟ್ರೇ?" ಎಂದರು ಆಕೆ.

"ತಪ್ಪಾಗಿತ್ತಮ್ಮ" ಎಂದೆ. ಪಕ್ಕದಲ್ಲಿ ಮಗಳು ತಲೆ ಎತ್ತದೆ ಬರೆಯುತ್ತಿದ್ದಳು.